ಅಪ್ಪಯ್ಯ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ: ಅರಳು ಮರಳು ಎಂದರೆ ಇದೇನಾ?

ಮುಲುಂಡ್ ಮಗಳು
ಸೋಮವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಓದುತ್ತಿದ್ದೆ ಅಷ್ಟೇ, ಬರೆದಿರಲಿಲ್ಲ. ಇವತ್ತು ಮನಸ್ಸು ತಡೆಯಲಿಲ್ಲ.

ನನ್ನ ಅಪ್ಪಯ್ಯನಿಗೆ 73 ವರ್ಷ. ಕುಂದಾಪುರದ ಹತ್ತಿರದ ಹಳ್ಳಿಯವರು. 1963ರಲ್ಲಿ, 12ನೇ ವಯಸ್ಸಿಗೆ, ದೂರದ ಸಂಬಂಧಿಯೊಬ್ಬರ ಜೊತೆ ಮುಂಬೈಗೆ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಮಾಣಿಯಾದರು. ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದರು, ಗುಮಾಸ್ತರಾಗಿ ದುಡಿದು ನಿವೃತ್ತರಾದರು. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ನಮ್ಮ ಜೊತೆಗೇ ಇದ್ದಾರೆ.

ಅವರು ಈಗ ಹೇಳುವುದು ಒಂದೇ ಕಥೆ. ಊರಿನ ಬಸ್ಸು, ಬಾಳೆಲೆಯಲ್ಲಿ ಕಟ್ಟಿದ ಅವಲಕ್ಕಿ, ರೈಲಿನ ಕಿಟಕಿ, ಕಾಲಿನಲ್ಲಿ ಚಪ್ಪಲಿ ಇಲ್ಲದೆ ಮುಂಬೈಗೆ ಇಳಿದದ್ದು, ಮೊದಲ ರಾತ್ರಿ ಹೋಟೆಲಿನ ಮೇಜುಗಳನ್ನು ಜೋಡಿಸಿಕೊಂಡು ಮಲಗಿದ್ದು. ನನಗೆ, ನನ್ನ ಐದು ವರ್ಷದ ಮಗಳಿಗೆ, ಕಟ್ಟಡದ ಕಾವಲುಗಾರನಿಗೆ, ಹಾಲಿನವನಿಗೆ. ಒಂದೇ ವಾರದಲ್ಲಿ ನಾಲ್ಕು ಸಲ. ಮೊನ್ನೆ ನಮ್ಮ ಯಜಮಾನರ ಅಕ್ಕ ಕೇಳಿಸಿಕೊಂಡು, ‘ಅರವತ್ತಕ್ಕೆ ಅರಳು ಮರಳು, ಬಿಡು’ ಎಂದರು. ಅದು ಮನಸ್ಸಿಗೆ ಚುಚ್ಚಿತು. ಆದರೆ ಅದಕ್ಕಿಂತ ಹೆಚ್ಚು ಚುಚ್ಚುತ್ತಿರುವುದು ನಾನೇ ಆಡಿದ ಮಾತು. ಮರುದಿನ ಅವರು ಬಸ್ಸಿನ ಮಾತು ತೆಗೆದ ಕೂಡಲೇ, ‘ಅಪ್ಪಯ್ಯ, ಇದನ್ನು ಇನ್ನೆಷ್ಟು ಸಲ ಹೇಳುತ್ತೀರಿ?’ ಎಂದುಬಿಟ್ಟೆ. ಎರಡು ದಿನ ಅವರು ಬಾಯಿ ಬಿಡಲಿಲ್ಲ.

ನನ್ನ ಪ್ರಶ್ನೆ ಇದು. ಮಗಳು ಹುಟ್ಟಿದಾಗ ಮಕ್ಕಳ ವೈದ್ಯರು ಒಂದು ಪಟ್ಟಿ ಕೊಟ್ಟಿದ್ದರು: ಎಷ್ಟು ತಿಂಗಳಿಗೆ ಕುತ್ತಿಗೆ ನಿಲ್ಲಬೇಕು, ಎಷ್ಟಕ್ಕೆ ಕೂರಬೇಕು, ಎಷ್ಟಕ್ಕೆ ಮಾತು ಬರಬೇಕು ಎಂದು. 73ಕ್ಕೆ ಅಂಥ ಪಟ್ಟಿ ಇದೆಯೇ? ಅಥವಾ ಒಂದು ವಯಸ್ಸು ದಾಟಿದ ಮೇಲೆ ಬರೀ ಇಳಿಜಾರೇ?


ವಾಶಿ ಅಮ್ಮ
ಸೋಮವಾರ, ರಾತ್ರಿ 11.15

ಅಕ್ಕ, ಆ ಮಾತು ನಾವೆಲ್ಲರೂ ಒಂದಲ್ಲ ಒಂದು ದಿನ ಆಡಿದ್ದೇವೆ. ಬೆಳಿಗ್ಗೆ ಅವರಿಗೆ ಕಾಫಿ ಕೊಟ್ಟು ಪಕ್ಕದಲ್ಲಿ ಐದು ನಿಮಿಷ ಕುಳಿತುಕೊಳ್ಳಿ. ಉಳಿದದ್ದನ್ನು ತಿಳಿದವರು ಹೇಳಲಿ, ನನಗೂ ಕೇಳಬೇಕಾಗಿದೆ.


ಕರ್ವೆನಗರ ಟೀಚರ್
ಮಂಗಳವಾರ, ಬೆಳಿಗ್ಗೆ 6.50

ಪುಣೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಕಲಿಸಿದವಳು ನಾನು. ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇಲ್ಲ, ಬರೀ ಇಳಿಜಾರಲ್ಲ. ಆದರೆ ಈ ಮಾತನ್ನು ಒಪ್ಪಲು ನಮ್ಮ ಶಾಸ್ತ್ರಕ್ಕೂ ಬಹಳ ಕಾಲ ಹಿಡಿಯಿತು. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ ಮನುಷ್ಯನ ಸ್ವಭಾವದ ಬುನಾದಿಯನ್ನೆಲ್ಲ ಮೊದಲ ಐದಾರು ವರ್ಷಗಳಲ್ಲಿ ಹುಡುಕಿದರು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಪಿಯಾಜೆ ಮಕ್ಕಳ ಯೋಚನಾಶಕ್ತಿ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ ಎಂದು ತೋರಿಸಿದರು. ಅವರ ಕೊನೆಯ ಹಂತ ಶುರುವಾಗುವುದೇ 11–12ರ ಹೊತ್ತಿಗೆ. ನಿಮ್ಮ ಅಪ್ಪಯ್ಯ ಬಸ್ಸು ಹತ್ತಿದ ವಯಸ್ಸು ಅದು. ಅದರಾಚೆಯ ಅರವತ್ತು ವರ್ಷಗಳ ನಕ್ಷೆ ಅಲ್ಲಿಲ್ಲ.

ಆ ನಕ್ಷೆಯನ್ನು ಸಾವಿನವರೆಗೂ ಎಳೆದವರು ಅಮೆರಿಕದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್, 1950ರಲ್ಲಿ. ಬದುಕಿನಲ್ಲಿ ಎಂಟು ಘಟ್ಟಗಳು, ಒಂದೊಂದು ಘಟ್ಟದಲ್ಲೂ ಎರಡು ಶಕ್ತಿಗಳ ಜಗ್ಗಾಟ. ಹಸುಗೂಸಿಗೆ ಲೋಕವನ್ನು ನಂಬುವುದೋ ಬಿಡುವುದೋ ಎಂಬ ಜಗ್ಗಾಟ, ಹದಿಹರೆಯದವನಿಗೆ ತಾನು ಯಾರೆಂಬುದರ ಜಗ್ಗಾಟ. ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಗಾಗಿ ಏನಾದರೂ ಬೆಳೆಸುವುದೋ, ಜಡವಾಗಿ ನಿಂತುಬಿಡುವುದೋ ಎಂಬುದು. ಕೊನೆಯ ಘಟ್ಟದ ಕೆಲಸ ಬಾಳಿದ ಬಾಳನ್ನು ಒಟ್ಟಾಗಿ ಕಂಡು, ‘ಇದು ನನ್ನದು, ಹೀಗೆಯೇ ಆಗಬೇಕಿತ್ತು, ಆಯಿತು’ ಎಂದು ಒಪ್ಪಿಕೊಳ್ಳುವುದು. ಒಪ್ಪಲಾಗದಿದ್ದರೆ ಉಳಿಯುವುದು ಹತಾಶೆ. ಎಷ್ಟೋ ಮಂದಿ ಇದನ್ನು ಪರೀಕ್ಷೆಯಂತೆ ಪಾಸು, ಫೇಲು ಎಂದು ಓದುತ್ತಾರೆ. ಅದು ತಪ್ಪು. ಅಪನಂಬಿಕೆ ಒಂದಿಷ್ಟೂ ಇಲ್ಲದ ಮಗು ಬೀದಿಯಲ್ಲಿ ಯಾರ ಹಿಂದೆ ಬೇಕಾದರೂ ಹೋದೀತು. ಎರಡೂ ಇರಬೇಕು, ತಕ್ಕಡಿ ಯಾವ ಕಡೆಗೆ ತೂಗುತ್ತದೆ ಎಂಬುದಷ್ಟೇ ಪ್ರಶ್ನೆ.

ಇನ್ನು ನಿಮ್ಮ ಅಪ್ಪಯ್ಯನ ಕಥೆ. ಮುದುಕರು ಹಳೆಯದನ್ನು ಹೇಳುವುದೆಂದರೆ ಬುದ್ಧಿ ಗುರಿಯಿಲ್ಲದೆ ಅಲೆಯುತ್ತಿದೆ ಎಂದೇ ಒಂದು ಕಾಲದಲ್ಲಿ ವೈದ್ಯರೂ ತಿಳಿದಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು ಅದನ್ನು ಅಲ್ಲಗಳೆದರು. ಆರೋಗ್ಯವಂತ ವೃದ್ಧರ ಜೊತೆ ಕುಳಿತು ಮಾತಾಡಿ ಅವರು ಕಂಡುಕೊಂಡದ್ದು ಇದು: ಸಾವು ಹತ್ತಿರವಾಗುತ್ತಿದೆ ಎಂಬ ಅರಿವು ಬಂದಾಗ ಮನಸ್ಸು ಬಾಳನ್ನು ಮರಳಿ ತಿರುವಿ ನೋಡುತ್ತದೆ, ಇತ್ಯರ್ಥವಾಗದೆ ಉಳಿದದ್ದನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ಅವರು ಜೀವನ ವಿಮರ್ಶೆ ಎಂದು ಹೆಸರಿಟ್ಟರು. ಅದೇ 1963. ನಿಮ್ಮ ಅಪ್ಪಯ್ಯ ಕಪ್ಪು ತೊಳೆಯಲು ನಿಂತ ವರ್ಷ.

‘ಅರಳು ಮರಳು’ ಎಂಬ ಮಾತಿನ ಬಗ್ಗೆಯೂ ಹೇಳುತ್ತೇನೆ. ಬೇಂದ್ರೆಯವರು ಅರವತ್ತರ ಹೊಸ್ತಿಲಿನ ಕವನಗಳನ್ನು ಅದೇ ಹೆಸರಿನಲ್ಲಿ ತಂದರು, 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರಳಿ ಅರಳುವುದು ಎಂಬ ಅರ್ಥ ಆ ಮಾತಿನ ಒಳಗೇ ಇದೆ. ಬೇಂದ್ರೆ ಓದಿದ್ದು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅವರು ಹುಟ್ಟಿದ್ದು 1896ರಲ್ಲಿ. ಪಿಯಾಜೆ ಹುಟ್ಟಿದ್ದೂ ಅದೇ ವರ್ಷ, ರಷ್ಯಾದ ಮನಃಶಾಸ್ತ್ರಜ್ಞ ವೈಗೋಟ್ಸ್ಕಿ ಹುಟ್ಟಿದ್ದೂ ಅದೇ ವರ್ಷ. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.


ಮಡಗಾಂವ್ ಡಾಕ್ಟರ್
ಮಂಗಳವಾರ, ಮಧ್ಯಾಹ್ನ 2.05

ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ವೈದ್ಯನಾಗಿ ಒಂದು ಮಾತು ಹೇಳಲೇಬೇಕು. ಹಳೆಯದನ್ನು ಹೇಳುವುದು ಒಂದು, ಹೇಳಿದ್ದೇ ನೆನಪಿಲ್ಲದಿರುವುದು ಇನ್ನೊಂದು. ಅರ್ಧ ಗಂಟೆಯ ಹಿಂದೆ ಹೇಳಿದ್ದನ್ನು ಮೊದಲ ಸಲವೆಂಬಂತೆ ಅದೇ ಮನುಷ್ಯನಿಗೆ ಹೇಳುತ್ತಾರೆಯೇ? ದಿನವೂ ಓಡಾಡುವ ದಾರಿ ತಪ್ಪುತ್ತದೆಯೇ? ಹಣದ ಲೆಕ್ಕದಲ್ಲಿ ಎಡವುತ್ತಾರೆಯೇ? ಗ್ಯಾಸ್ ಒಲೆ ಆರಿಸುವುದನ್ನು ಮರೆಯುತ್ತಾರೆಯೇ? ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಮರೆವು ತರುತ್ತವೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ. ಪತ್ನಿ ತೀರಿಕೊಂಡು ಎರಡೇ ವರ್ಷವಾಗಿದೆ ಎಂದಿರಿ. ನಿದ್ದೆ, ಊಟ ಹೇಗಿದೆ ಎಂಬುದನ್ನೂ ಗಮನಿಸಿ.


ಮುಲುಂಡ್ ಮಗಳು
ಮಂಗಳವಾರ, ರಾತ್ರಿ 9.30

ಡಾಕ್ಟರ್, ಟೀಚರ್, ಇಬ್ಬರಿಗೂ ನಾನು ಋಣಿ. ನೀವು ಕೇಳಿದ ಒಂದೊಂದನ್ನೂ ಕುಳಿತು ಯೋಚಿಸಿದೆ. ವಿದ್ಯುತ್ ಬಿಲ್ಲು ಅವರೇ ಕಟ್ಟುತ್ತಾರೆ. ತರಕಾರಿಯವನು ಎರಡು ರೂಪಾಯಿ ಹೆಚ್ಚು ಹಿಡಿದರೂ ಗೊತ್ತಾಗುತ್ತದೆ. ನಿದ್ದೆ ಸ್ವಲ್ಪ ಕಡಿಮೆಯಾಗಿದೆ, ಊಟ ಚೆನ್ನಾಗಿದೆ. ಇನ್ನು ಕಥೆಯ ವಿಷಯ: ಅವರಿಗೆ ಹೇಳಿದ್ದು ನೆನಪಿದೆ. ‘ನಿನಗೆ ಹೇಳಿದ್ದೆನಲ್ಲ, ಆದರೂ ಕೇಳು’ ಎಂದೇ ಶುರುಮಾಡುತ್ತಾರೆ. ಆ ‘ಆದರೂ ಕೇಳು’ ಎಂಬುದನ್ನು ನಾನು ಇಷ್ಟು ದಿನ ಕಿವಿಗೇ ಹಾಕಿಕೊಂಡಿರಲಿಲ್ಲ. ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸುತ್ತೇನೆ.


ಡೊಂಬಿವಿಲಿ ಅಜ್ಜ
ಬುಧವಾರ, ಬೆಳಿಗ್ಗೆ 5.20

ಟೀಚರಮ್ಮ, ನಿಮ್ಮ ಓದಿನ ಬಗ್ಗೆ ಗೌರವವಿದೆ. ಆದರೆ ನನಗೆ ತಕರಾರಿದೆ, ಹೇಳಿಬಿಡುತ್ತೇನೆ.

ನಾನೂ ಹೋಟೆಲ್ ಮಾಣಿಯೇ. 1965ರಲ್ಲಿ ಬಂದಾಗ 11 ವರ್ಷ. ಹದಿಹರೆಯದಲ್ಲಿ ಮನುಷ್ಯ ‘ನಾನು ಯಾರು’ ಎಂದು ಹುಡುಕುತ್ತಾನೆ ಎಂದಿರಿ. ಹುಡುಕಲು ಪುರುಸೊತ್ತು ಬೇಕಲ್ಲ? ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಬೇಕು. ಹಗಲೆಲ್ಲ ನಲ್ಲಿಯ ಕೆಳಗೆ ಕುಳಿತು ಕಪ್ಪು ತೊಳೆಯಬೇಕು. ಸಂಜೆ ಓಡಿ ಶಾಲೆ ಸೇರಬೇಕು. ನಾನು ಯಾರು ಎಂಬುದನ್ನು ಗಲ್ಲಾದಲ್ಲಿ ಕುಳಿತ ಧಣಿಗಳು ದಿನಕ್ಕೆ ನೂರು ಸಲ ಹೇಳುತ್ತಿದ್ದರು: ‘ಏ ಮಾಣಿ!’ ಹದಿಹರೆಯ ಎಂಬುದು ನಮ್ಮ ಬಾಳಿನಲ್ಲಿ ಬರಲೇ ಇಲ್ಲ. ಹುಡುಗರಾಗಿದ್ದವರು ಒಂದೇ ರಾತ್ರಿಗೆ ಗಂಡಸರಾದೆವು. ಅಮೆರಿಕದ ಉಂಡುಟ್ಟ ಮನೆಯ ಮಕ್ಕಳನ್ನು ನೋಡಿ ಬರೆದ ಘಟ್ಟಗಳು ನಮಗೆ ಹೇಗೆ ಹೊಂದುತ್ತವೆ?

ಇನ್ನೊಂದು. ತಾಯಿಯಿಂದ ಅಗಲಿದ ಮಗು ಕೊನೆಯವರೆಗೂ ಊನವಾಗಿಯೇ ಉಳಿಯುತ್ತದೆ ಎಂದು ನಿಮ್ಮ ಶಾಸ್ತ್ರ ಹೇಳುತ್ತದೆ ಎಂದು ಎಲ್ಲಿಯೋ ಓದಿದ್ದೆ. ಓದಿದ ದಿನ ಊಟ ಸೇರಲಿಲ್ಲ. ನಾವು ಊನವಾದವರೇ? ಮುಂಬೈಯಲ್ಲಿ ನನ್ನಂಥವರು ಎಷ್ಟೋ ಮಂದಿ ಸಂಸಾರ ಕಟ್ಟಿದರು, ಸಂಘ ಕಟ್ಟಿದರು, ಊರಿನ ಶಾಲೆಗೆ ಮಾಡು ಹೊದಿಸಿದರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಗಾದೆ ಹೇಳುತ್ತದೆ. 61ನೇ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿತವನು ನಾನು. ನೀವು ಓದುತ್ತಿರುವ ಈ ಬರಹವನ್ನು ಬಗ್ಗಿದ ಮರವೇ ಬರೆದದ್ದು.

ಶಾಲೆಯ ಮಾತು ಬಂತು, ಇದನ್ನೂ ಬರೆಯುತ್ತೇನೆ. ದಿನವಿಡೀ ನೀರಿನಲ್ಲಿ ನೆನೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಪೆನ್ಸಿಲ್ ಹಿಡಿದರೆ ಜಾರುತ್ತಿತ್ತು, ಅಕ್ಷರ ಅಂಕುಡೊಂಕಾಗುತ್ತಿತ್ತು. ನಮ್ಮ ಮಾಷ್ಟ್ರು ಬೈಯಲಿಲ್ಲ. ಜೇಬಿನಿಂದ ಹೊಲಿಗೆ ದಾರದ ಉಂಡೆ ತೆಗೆದು ಪೆನ್ಸಿಲಿಗೆ ಒತ್ತೊತ್ತಾಗಿ ಸುತ್ತಿ, ಗಂಟು ಹಾಕಿ, ‘ಈಗ ಹಿಡಿ’ ಎಂದರು. ಅವರೂ ಹಗಲು ಎಲ್ಲಿಯೋ ಗುಮಾಸ್ತಿಕೆ ಮಾಡಿ ದಣಿದು ಬಂದವರೇ.


ಕರ್ವೆನಗರ ಟೀಚರ್
ಬುಧವಾರ, ಬೆಳಿಗ್ಗೆ 8.10

ಅಜ್ಜ, ನಿಮ್ಮ ತಕರಾರಿನ ಅರ್ಧವನ್ನು ತಲೆಬಾಗಿ ಒಪ್ಪುತ್ತೇನೆ. ಹದಿಹರೆಯದಲ್ಲಿ ಆತುರವಿಲ್ಲದೆ ಹುಡುಕಾಡಲು ಸಮಾಜ ಒಂದಿಷ್ಟು ಬಿಡುವು ಕೊಡುತ್ತದೆ ಎಂದು ಎರಿಕ್ಸನ್ ಬರೆದರು. ಆ ಬಿಡುವು ಎಲ್ಲರಿಗೂ ಸಿಗುವುದಿಲ್ಲ. ಗ್ಲೆನ್ ಎಲ್ಡರ್ ಎಂಬ ಸಮಾಜಶಾಸ್ತ್ರಜ್ಞರು 1930ರ ದಶಕದ ಅಮೆರಿಕದ ಆರ್ಥಿಕ ಕುಸಿತದಲ್ಲಿ ಬೆಳೆದ ಮಕ್ಕಳ ಬಾಳನ್ನು ಹಿಂಬಾಲಿಸಿ ತೋರಿಸಿದ್ದು ಇದನ್ನೇ: ಒಂದೇ ಕಷ್ಟ ಯಾವ ವಯಸ್ಸಿನಲ್ಲಿ ಬಂತು ಎಂಬುದರ ಮೇಲೆ ಅದರ ಫಲ ಬೇರೆಯಾಗುತ್ತದೆ. ಘಟ್ಟಗಳ ಜೊತೆ ಕಾಲವನ್ನೂ ದೇಶವನ್ನೂ ಇಟ್ಟೇ ನೋಡಬೇಕು.

ಆದರೆ ನೀವು ನೊಂದು ಊಟ ಬಿಟ್ಟ ಮಾತನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ತಾಯಿಯಿಂದ ಅಗಲಿದ ಪುಟ್ಟ ಮಕ್ಕಳ ಸ್ಥಿತಿಯನ್ನು ಬಲವಾಗಿಯೇ ಹೇಳಿದರು, ನಿಜ. ಅದರಿಂದ ಆಸ್ಪತ್ರೆಗಳಲ್ಲಿ ಮಕ್ಕಳ ಜೊತೆ ತಾಯಂದಿರನ್ನು ಇರಿಸುವ ಪದ್ಧತಿಗೆ ಬಲ ಬಂತು, ಅದು ದೊಡ್ಡ ಉಪಕಾರ. ಅವರ ಜೊತೆ ದುಡಿದ ಮೇರಿ ಐನ್ಸ್‌ವರ್ತ್ ತಾಯಿ ಮಗುವಿನ ನಂಟನ್ನು ಮನೆಮನೆಗೆ ಹೋಗಿ ಮೊದಲು ಗಮನಿಸಿದ್ದು ಅಮೆರಿಕದಲ್ಲಲ್ಲ, ಉಗಾಂಡಾದ ಹಳ್ಳಿಗಳಲ್ಲಿ. ಆದರೆ ಅಗಲಿಕೆಯೇ ಹಣೆಬರಹ ಎಂಬುದು ನಿಲ್ಲಲಿಲ್ಲ.

ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿದರು. ನಿಮಗಿಂತ ಒಂದು ವರ್ಷ ಚಿಕ್ಕವರು ಆ ಮಕ್ಕಳು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗ, ಹೀಗೆ ನಾಲ್ಕಾರು ಕಷ್ಟಗಳು ಒಟ್ಟಿಗೆ ಇದ್ದ ಮಕ್ಕಳಲ್ಲಿ ಮೂರನೆಯ ಒಂದು ಪಾಲು ಸಮರ್ಥರಾಗಿ, ಇತರರ ಬಗ್ಗೆ ಕಾಳಜಿ ಇರುವ ಮನುಷ್ಯರಾಗಿ ಬೆಳೆದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ಒಂದು ಸಂಗತಿ: ಮಗುವನ್ನು ಕೈಬಿಡದ ಒಬ್ಬ ಹಿರಿಯರಾದರೂ ಇದ್ದರು. ತಾಯಿಯೇ ಆಗಬೇಕೆಂದಿಲ್ಲ. ಅಜ್ಜಿ, ಚಿಕ್ಕಪ್ಪ, ನೆರೆಯವರು, ಶಿಕ್ಷಕರು.

ಅಜ್ಜ, ನಿಮ್ಮ ಪೆನ್ಸಿಲಿಗೆ ದಾರ ಸುತ್ತಿದವರು ಅಂಥವರು. ನಾನು ಮೂವತ್ತು ವರ್ಷ ಈ ಪಾಠ ಮಾಡಿದೆ. ಆ ದಾರದಂಥ ಉದಾಹರಣೆ ನನ್ನ ಬಳಿ ಇರಲಿಲ್ಲ.


ವಾಶಿ ಅಮ್ಮ
ಬುಧವಾರ, ಮಧ್ಯಾಹ್ನ 3.30

ಟೀಚರ್ ಪಿಯಾಜೆಯ ಹೆಸರು ಹೇಳಿದ ಮೇಲೆ ಹುಡುಕಿ ಓದಿದೆ, ಅವರ ಪರೀಕ್ಷೆಯೊಂದನ್ನು ಇವತ್ತು ಅಡುಗೆಮನೆಯಲ್ಲೇ ಮಾಡಿ ನೋಡಿದೆ. ಮಗನಿಗೆ ನಾಲ್ಕೂವರೆ, ಮಗಳಿಗೆ ಎಂಟು. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಮಜ್ಜಿಗೆ ಹಾಕಿದೆ. ‘ಎರಡರಲ್ಲೂ ಸಮ ಇದೆಯಾ?’ ಮಗ ಬಗ್ಗಿ, ಕಣ್ಣು ಲೋಟದ ಅಂಚಿಗೆ ತಂದು ನೋಡಿ, ‘ಸಮ’ ಎಂದ. ಅವನ ಎದುರಿಗೇ ಒಂದನ್ನು ಉದ್ದನೆಯ ಗಾಜಿನ ಲೋಟಕ್ಕೆ ಸುರಿದೆ. ‘ಈಗ?’ ‘ಇದರಲ್ಲಿ ಜಾಸ್ತಿ, ನನಗೆ ಇದೇ ಬೇಕು.’ ತಿರುಗಿ ಸ್ಟೀಲ್ ಲೋಟಕ್ಕೆ ಸುರಿದೆ. ‘ಈಗ ಸಮ.’ ಮತ್ತೆ ಗಾಜಿಗೆ. ‘ಜಾಸ್ತಿ.’ ಐದು ಸಲ ಸುರಿದರೂ ಅದೇ ಉತ್ತರ, ಅನುಮಾನದ ಎಳೆಯೂ ಇಲ್ಲ. ಮಗಳು ತಡೆಯಲಾರದೆ, ‘ಏನೂ ಹಾಕಿಲ್ಲ, ತೆಗೆದಿಲ್ಲ, ಹೇಗೆ ಜಾಸ್ತಿಯಾಗುತ್ತದೆ!’ ಎಂದಳು. ಅವನಿಗೆ ಅದು ಅರ್ಥವೇ ಆಗಲಿಲ್ಲ. ಅಕ್ಕ ತನ್ನ ಮಜ್ಜಿಗೆ ಕಸಿಯಲು ಬಂದಳು ಎಂದು ಅತ್ತ.

ಅವಳೂ ನಾಲ್ಕರಲ್ಲಿ ಹೀಗೆಯೇ ಇದ್ದಿರಬೇಕು. ಯಾವ ದಿನ ಬದಲಾಯಿತೋ ನನಗೆ ಗೊತ್ತೇ ಆಗಲಿಲ್ಲ. ಅದನ್ನು ನೆನೆದು ಸ್ವಲ್ಪ ಬೇಸರವೂ ಆಯಿತು.

ಟೀಚರ್, ಮಗ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ: ‘ಇದು ಇಲ್ಲಿ, ಇದು ಅಲ್ಲ, ಇನ್ನೊಂದು.’ ಇದಕ್ಕೂ ಏನಾದರೂ ಹೇಳಿದ್ದಾರೆಯೇ?


ಕರ್ವೆನಗರ ಟೀಚರ್
ಬುಧವಾರ, ಸಂಜೆ 5.00

ಅವನನ್ನು ತಡೆಯಬೇಡಿ. ಅದು ಮಗು ಇನ್ನೂ ತನ್ನ ಲೋಕದಲ್ಲಿಯೇ ಇರುವುದರ ಗುರುತು, ಕ್ರಮೇಣ ಬತ್ತಿಹೋಗುತ್ತದೆ ಎಂದು ಪಿಯಾಜೆ ಹೇಳಿದರು. ವೈಗೋಟ್ಸ್ಕಿ ಒಪ್ಪಲಿಲ್ಲ. ಆ ಮಾತು ಬತ್ತುವುದಿಲ್ಲ, ಒಳಗೆ ಇಳಿದು ಯೋಚನೆಯಾಗುತ್ತದೆ ಎಂದರು. ಮೊದಲು ಅಮ್ಮ ಹೇಳಿಕೊಡುತ್ತಾಳೆ, ಆಮೇಲೆ ಮಗು ಗಟ್ಟಿಯಾಗಿ ತನಗೇ ಹೇಳಿಕೊಳ್ಳುತ್ತದೆ, ಕೊನೆಗೆ ಸದ್ದಿಲ್ಲದೆ. ಈ ವಿಷಯದಲ್ಲಿ ನಾನು ವೈಗೋಟ್ಸ್ಕಿಯ ಪಕ್ಷ. ಕ್ಷಯದಿಂದ 37ಕ್ಕೇ ತೀರಿಕೊಂಡ ಮನುಷ್ಯ, ಇನ್ನೂ ಇಪ್ಪತ್ತು ವರ್ಷ ಇದ್ದಿದ್ದರೆ ಎಂದು ಇವತ್ತಿಗೂ ಮರುಗುತ್ತೇನೆ.


ಕೊಥ್ರೂಡ್ ಸೊಸೆ
ಬುಧವಾರ, ರಾತ್ರಿ 8.45

ನಮ್ಮದು ಬೆಳಗಾವಿ ಕಡೆ. ನಮ್ಮ ಅತ್ತೆಯವರಿಗೆ 78. ಹಿಂದೆ ಹೋಳಿ ಹುಣ್ಣಿಮೆಗೆ ನೂರು ಹೋಳಿಗೆ ಒಬ್ಬರೇ ಮಾಡುತ್ತಿದ್ದರಂತೆ. ಈಗ ಹದಿನೈದೇ ಮಾಡುತ್ತಾರೆ. ಹಿಂದಿನ ದಿನವೇ ಹೂರಣ ತಯಾರು ಮಾಡಿಡುತ್ತಾರೆ, ಕಣಕವನ್ನು ಮೊದಲಿಗಿಂತ ಹೆಚ್ಚು ಹೊತ್ತು ನಾದುತ್ತಾರೆ. ಲಟ್ಟಿಸುವುದು ನಾನು, ಹಂಚಿನ ಮುಂದೆ ಕುರ್ಚಿ ಹಾಕಿಕೊಂಡು ಬೇಯಿಸುವುದು ಅವರು. ಹದಿನೈದರಲ್ಲಿ ಒಂದೂ ಒಡೆಯುವುದಿಲ್ಲ. ‘ಮೊದಲಿಗಿಂತ ಈಗಲೇ ಚೆನ್ನಾಗಿದೆ’ ಎಂದು ಮಾವನವರು ಹೇಳುತ್ತಾರೆ. ಇದು ಬೆಳವಣಿಗೆಯೇ, ಟೀಚರ್?


ಕರ್ವೆನಗರ ಟೀಚರ್
ಬುಧವಾರ, ರಾತ್ರಿ 9.20

ಖಂಡಿತ ಬೆಳವಣಿಗೆಯೇ. ಜರ್ಮನಿಯ ಮನಃಶಾಸ್ತ್ರಜ್ಞ ಪೌಲ್ ಬಾಲ್ಟೆಸ್ ಇದನ್ನೇ ಶಾಸ್ತ್ರವಾಗಿ ಕಟ್ಟಿದರು. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು. ಎಂಬತ್ತರಲ್ಲೂ ಅಷ್ಟು ಚೆನ್ನಾಗಿ ನುಡಿಸುವುದು ಹೇಗೆ? ಕೃತಿಗಳನ್ನು ಕಡಿಮೆ ಮಾಡಿಕೊಂಡರು. ಇರುವಷ್ಟನ್ನು ಹೆಚ್ಚು ಸಲ ಅಭ್ಯಾಸ ಮಾಡಿದರು. ವೇಗದ ಭಾಗಕ್ಕೆ ಮುಂಚೆ ಬೇಕೆಂದೇ ನಿಧಾನಿಸಿದರು, ಆಗ ಮುಂದಿನದು ಇನ್ನೂ ವೇಗವಾಗಿ ಕೇಳುತ್ತದೆ. ನಿಮ್ಮ ಅತ್ತೆಯವರ ಹದಿನೈದು ಹೋಳಿಗೆ, ಹಿಂದಿನ ದಿನದ ಹೂರಣ, ನಿಮ್ಮ ಲಟ್ಟಣಿಗೆ, ಮೂರೂ ಅಲ್ಲಿವೆ. ಬಾಲ್ಟೆಸ್ ಹೇಳುತ್ತಿದ್ದುದು, ಯಾವ ವಯಸ್ಸಿನಲ್ಲೂ ಗಳಿಕೆ ಮತ್ತು ಕಳೆತ ಎರಡೂ ಜೊತೆಯಾಗಿಯೇ ಇರುತ್ತವೆ ಎಂದು. ಮುಪ್ಪಿನಲ್ಲಿ ಕಳೆತದ ಪಾಲು ಹೆಚ್ಚು, ಅದನ್ನು ಮರೆಮಾಚಬಾರದು. ಸಿಯಾಟಲ್‌ನಲ್ಲಿ 1956ರಿಂದ ಏಳೇಳು ವರ್ಷಕ್ಕೊಮ್ಮೆ ನಡೆಸಿದ ಅಧ್ಯಯನದಲ್ಲೂ ಕಂಡದ್ದು ಅದೇ: ಚುರುಕು ಬೇಗ ಇಳಿಯಲು ತೊಡಗುತ್ತದೆ, ಪದಸಂಪತ್ತು ಬಹಳ ಕಾಲ ನಿಲ್ಲುತ್ತದೆ.


ಹಿಂಜೆವಾಡಿ ಹುಡುಗ
ಗುರುವಾರ, ಮಧ್ಯರಾತ್ರಿ 12.30

ನನಗೆ 26. ಮೂರು ಕೆಲಸ ಬದಲಿಸಿದ್ದೇನೆ, ಮದುವೆಯ ಮಾತು ಬಂದರೆ ಹೆದರಿಕೆಯಾಗುತ್ತದೆ. 18ರಿಂದ 25ರವರೆಗಿನ ಕಾಲವನ್ನೇ ಹೊಸದೊಂದು ಘಟ್ಟವೆಂದು ಜೆಫ್ರಿ ಆರ್ನೆಟ್ 2000ದಲ್ಲಿ ಬರೆದಿದ್ದಾರೆ ಎಂದು ಓದಿ ಸಮಾಧಾನವಾಗಿತ್ತು. ಇವತ್ತು ಡೊಂಬಿವಿಲಿ ಅಜ್ಜ ಬರೆದದ್ದನ್ನು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಅವರಿಗೆ ಸಿಗದ ಬಿಡುವು ನನಗೆ ಸಿಕ್ಕಿದೆ. ನನ್ನ ಅಜ್ಜನೂ ಹೋಟೆಲಿನಲ್ಲಿದ್ದರು. ಅವರನ್ನು ನಾನು ಏನೂ ಕೇಳಲಿಲ್ಲ, ಈಗ ಅವರಿಲ್ಲ.


ಮಡಗಾಂವ್ ಡಾಕ್ಟರ್
ಗುರುವಾರ, ಮಧ್ಯಾಹ್ನ 1.50

ಎರಿಕ್ಸನ್‌ಗೂ ನಮ್ಮ ನೆಲಕ್ಕೂ ನಂಟಿದೆ. 1960ರ ದಶಕದ ಆರಂಭದಲ್ಲಿ ಅವರು ಅಹಮದಾಬಾದಿಗೆ ಬಂದಿದ್ದರು. ಅಲ್ಲಿ ಗಾಂಧಿ ಮುನ್ನಡೆಸಿದ 1918ರ ಗಿರಣಿ ಮುಷ್ಕರವನ್ನು ಕಣ್ಣಾರೆ ಕಂಡವರು ಆಗಿನ್ನೂ ಅಲ್ಲಿದ್ದರು. ಆ ಮುಷ್ಕರದ ಕಾಲದ ಗಾಂಧಿಯನ್ನು ಕುರಿತು ಎರಿಕ್ಸನ್ 1969ರಲ್ಲಿ ಪುಸ್ತಕ ತಂದರು, ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಮುಷ್ಕರದ ಹೊತ್ತಿಗೆ ಗಾಂಧಿಗೆ 48. ಅಂದರೆ ನಡುವಯಸ್ಸಿನ ಒಬ್ಬ ಮನುಷ್ಯ ಮುಂದಿನವರಿಗಾಗಿ ಏನು ಬೆಳೆಸಿದ ಎಂಬುದರ ಕಥೆ ಅದು. ಆ ಕಾಲದಲ್ಲಿ ಎರಿಕ್ಸನ್ ಅವರನ್ನು ಕಂಡು ಅವರ ದಾರಿ ಹಿಡಿದವರು ನಮ್ಮ ದೇಶದ ಮನೋವಿಶ್ಲೇಷಕ ಸುಧೀರ್ ಕಕ್ಕರ್. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸನ್ಯಾಸ ಎಂಬ ನಮ್ಮ ಆಶ್ರಮಗಳನ್ನು ಎರಿಕ್ಸನ್ನರ ಘಟ್ಟಗಳ ಪಕ್ಕದಲ್ಲಿಟ್ಟು ನೋಡಿದವರು ಕಕ್ಕರ್. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಯೇ, ಮಡಗಾಂವ್ ಹತ್ತಿರದ ಬಾಣಾವಲಿಯಲ್ಲಿ. 2024ರಲ್ಲಿ ತೀರಿಕೊಂಡರು.

ಅಜ್ಜನಿಗೆ ಒಂದು ಮಾತು. ಎರಿಕ್ಸನ್‌ಗೆ ತನ್ನ ತಂದೆ ಯಾರೆಂದು ಕೊನೆಗೂ ತಿಳಿಯಲಿಲ್ಲ. ವಿಶ್ವವಿದ್ಯಾಲಯದ ಪದವಿಯೂ ಅವರಿಗೆ ಇರಲಿಲ್ಲ. ‘ನಾನು ಯಾರು’ ಎಂಬ ಪ್ರಶ್ನೆ ಅವರಿಗೂ ಪುರುಸೊತ್ತಿನಿಂದ ಹುಟ್ಟಿದ್ದಲ್ಲ.


ಡೊಂಬಿವಿಲಿ ಅಜ್ಜ
ಗುರುವಾರ, ಸಂಜೆ 6.15

ಇದು ನನಗೆ ಗೊತ್ತಿರಲಿಲ್ಲ, ಡಾಕ್ಟರೇ. ಹಾಗಾದರೆ ಆ ಮನುಷ್ಯನ ಮೇಲೆ ನನ್ನ ಸಿಟ್ಟಿಲ್ಲ.


ಕರ್ವೆನಗರ ಟೀಚರ್
ಗುರುವಾರ, ರಾತ್ರಿ 8.00

ಎರಿಕ್ಸನ್ನರ ಪತ್ನಿ ಜೋನ್ ಅವರ ಮಾತನ್ನೂ ಸೇರಿಸುತ್ತೇನೆ. ಎಂಟು ಘಟ್ಟಗಳನ್ನು ಗಂಡನ ಜೊತೆ ಕೂತು ರೂಪಿಸಿದವರು ಅವರು. ಎರಿಕ್ಸನ್ 1994ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಮೇಲೆ ಜೋನ್, ತೊಂಬತ್ತು ದಾಟಿದ ಮುದುಕಿ, ಒಂಬತ್ತನೆಯ ಘಟ್ಟವನ್ನು ಸೇರಿಸಿದರು. ಎಂಬತ್ತು, ತೊಂಬತ್ತರಲ್ಲಿ ಸ್ವಂತ ಮೈಯನ್ನೇ ನಂಬಲಾಗುವುದಿಲ್ಲ, ಮೊದಲ ಘಟ್ಟದ ನಂಬಿಕೆ ಅಪನಂಬಿಕೆಗಳ ಜಗ್ಗಾಟ ಮರಳಿ ಬರುತ್ತದೆ ಎಂದು ಬರೆದರು. ತಾನು ಅಲ್ಲಿಗೆ ತಲುಪಿದ ಮೇಲೆಯೇ ಅದು ಅವರಿಗೆ ಕಂಡದ್ದು.

ಮುಲುಂಡ್ ಮಗಳೇ, ನಿಮಗೊಂದು ಸಲಹೆ. ನಡುವಯಸ್ಸು ದಾಟಿದವರಿಗೆ ಹಳೆಯದರಲ್ಲಿ ಅತಿ ಹೆಚ್ಚು ನೆನಪಿರುವುದು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದು. ಊರು ಬಿಟ್ಟು ವಲಸೆ ಬಂದವರಲ್ಲಿ ಆ ವಲಸೆಯ ಸುತ್ತಲಿನ ನೆನಪು ಇನ್ನೂ ದಟ್ಟ. ಮತ್ತೆ, ಯಾವ ಭಾಷೆಯಲ್ಲಿ ಬಾಳಿದ ಕಾಲವೋ ಆ ಭಾಷೆಯಲ್ಲಿ ಕೇಳಿದರೆ ನೆನಪು ಹೆಚ್ಚು ಒದಗುತ್ತದೆ. ರಷ್ಯಾದಿಂದ ಅಮೆರಿಕಕ್ಕೆ ಹೋದ ಯುವಕರನ್ನು ರಷ್ಯನ್ ಭಾಷೆಯಲ್ಲಿ ಕೇಳಿದಾಗ ರಷ್ಯಾದ ನೆನಪುಗಳು ಹೆಚ್ಚು ಬಂದವು ಎಂಬ ಅಧ್ಯಯನವಿದೆ. ಅಪ್ಪಯ್ಯ ಕಥೆಯನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆ? ಮತ್ತು ಯಾರಾದರೂ ಅವರನ್ನು ನಡುವೆ ಪ್ರಶ್ನೆ ಕೇಳಿದ್ದಾರೆಯೇ?


ಮುಲುಂಡ್ ಮಗಳು
ಶನಿವಾರ, ರಾತ್ರಿ 11.50

ಟೀಚರ್, ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಬರೆಯಲು ಎರಡು ದಿನ ಬೇಕಾಯಿತು.

ಹಿಂದಿಯಲ್ಲಿ ಹೇಳುತ್ತಿದ್ದರು. ಮಗಳಿಗೆ ಅರ್ಥವಾಗಲಿ ಎಂದು ನಾನೇ ಹಾಗೆ ಹೇಳಿಸುತ್ತಿದ್ದೆ. ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದ್ದು ಒಂದೇ, ಅದು ನಿಮಗೆಲ್ಲ ಗೊತ್ತು.

ಇವತ್ತು ಸಂಜೆ ಅಪ್ಪಯ್ಯ ಬಾಲ್ಕನಿಯಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು, ನನಗೆ ಬರುವಷ್ಟು ಕುಂದಾಪುರ ಕನ್ನಡದಲ್ಲಿ, ಬಸ್ಸಿನ ಕಥೆ ಹೇಳಿ ಎಂದೆ. ಅವರು ತಲೆಯೆತ್ತಿ ನೋಡಿದರು. ನಾನೇ ಕೇಳಿದ್ದು ಇದು ಮೊದಲ ಸಲ. ಅವರು ಹೇಳಿದ್ದನ್ನು ಬರವಣಿಗೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

ಬಸ್ಸು, ಅವಲಕ್ಕಿ, ಎಂದಿನಂತೆಯೇ ಬಂತು. ನಡುವೆ ನಾನು ಕೇಳಿದೆ: ‘ಬಸ್ಸು ಹತ್ತಿಸಲು ಅಜ್ಜಿ ಬಂದಿದ್ದರಾ?’

ಎರಡು ಅಲಸಂಡೆ ಮುರಿದರು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತರು.

‘ಬರಲಿಲ್ಲ. ಕೊಟ್ಟಿಗೆಯಲ್ಲಿದ್ದಳು. ಕರೆದೆ, ಹೊರಗೆ ಬರಲಿಲ್ಲ. ಒಂದು ಬಾಯಿ ಕಡಿಮೆಯಾಯಿತೆಂದು ಅವಳಿಗೆ ನೆಮ್ಮದಿ ಎಂದುಕೊಂಡೆ. ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಅವಳು ಹೋದಾಗಲೂ ನಾನು ಹೊತ್ತಿಗೆ ಸರಿಯಾಗಿ ಊರು ತಲುಪಲಿಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: ‘ನೀನು ಮಗುವನ್ನು ಮೊದಲ ದಿನ ಶಾಲೆಯ ಬಸ್ಸಿಗೆ ಹತ್ತಿಸಬೇಕಿತ್ತಲ್ಲ, ನೆನಪಿದೆಯಾ? ಗಂಡನನ್ನು ಕೆಳಗೆ ಕಳಿಸಿ ನೀನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ನಾನು ನೋಡಿದೆ. ಆವತ್ತು ತಿಳಿಯಿತು, ಅಮ್ಮ ಕೊಟ್ಟಿಗೆಯಿಂದ ಏಕೆ ಹೊರಗೆ ಬರಲಿಲ್ಲ ಎಂದು. ಅವಲಕ್ಕಿಯ ಕಟ್ಟಿನಲ್ಲಿ ಬೆಲ್ಲ ಇಟ್ಟಿದ್ದಳು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಿಟ್ಟರೆ ಬೆಲ್ಲ ಇರುತ್ತಿರಲಿಲ್ಲ.’

ನೂರು ಸಲ ಕೇಳಿದ ಕಥೆಯಲ್ಲಿ ಅವಲಕ್ಕಿ ಇತ್ತು. ಬೆಲ್ಲ ಇರಲಿಲ್ಲ.

ಮಗಳು ಬಂದು ಅಜ್ಜನ ತೊಡೆಯ ಮೇಲೆ ಕುಳಿತು ‘ಕೊಟ್ಟಿಗೆ ಎಂದರೇನು?’ ಎಂದು ಕೇಳಿದಳು. ಅವರು ಅಲಸಂಡೆಯ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಊರಿನ ಮನೆ, ಅಂಗಳ, ಕೊಟ್ಟಿಗೆ, ಬಾವಿ ಎಲ್ಲವನ್ನೂ ಮಾಡಿ ತೋರಿಸಿದರು. ಅಡುಗೆ ತಡವಾಯಿತು. ರಕ್ತಪರೀಕ್ಷೆಯ ಫಲಿತಾಂಶವೂ ಬಂತು, ಡಾಕ್ಟರ್. ಬಿ12 ಸ್ವಲ್ಪ ಕಡಿಮೆ ಇದೆ, ಮಾತ್ರೆ ಕೊಟ್ಟಿದ್ದಾರೆ.


ಡೊಂಬಿವಿಲಿ ಅಜ್ಜ
ಭಾನುವಾರ, ಬೆಳಿಗ್ಗೆ 5.05

ಮಗಳೇ, ಓದಿದೆ. ಎರಡು ಸಲ ಓದಿದೆ.

ಇವತ್ತು ಮಧ್ಯಾಹ್ನ ನಿಮ್ಮ ಅಪ್ಪಯ್ಯ ಮನೆಯಲ್ಲಿರುತ್ತಾರೆಯೇ? ಡೊಂಬಿವಿಲಿಯಿಂದ ಮುಲುಂಡ್‌ಗೆ ಸ್ಲೋ ಲೋಕಲ್‌ನಲ್ಲಿ ಅರ್ಧ ಗಂಟೆ ಅಷ್ಟೇ. ಅವರು ಯಾವ ರಾತ್ರಿ ಶಾಲೆ, ಯಾವ ವರ್ಷದ ಮೆಟ್ರಿಕ್ ಎಂದು ಕೇಳಬೇಕಾಗಿದೆ. ನನ್ನ ಬಳಿಯೂ ಒಂದು ಬಸ್ಸಿನ ಕಥೆ ಇದೆ.


ಮುಲುಂಡ್ ಮಗಳು
ಭಾನುವಾರ, ಬೆಳಿಗ್ಗೆ 7.30

ಬನ್ನಿ ಅಜ್ಜ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಊಟ ಇಲ್ಲಿಯೇ. ಅಪ್ಪಯ್ಯ ಆಗಲೇ ಅಂಗಿ ಇಸ್ತ್ರಿ ಮಾಡಿಸಲು ಹೋಗಿದ್ದಾರೆ.